ಬಂಡಾರ ಹಚ್ಚಿದ ಕೈ

ತಮಿಳುನಾಡಿನ ನೆಗಮದಲ್ಲಿ, ಮನೆಯಲ್ಲಿ ಕನ್ನಡವಾಡುವ ನೇಕಾರರ ಬೀದಿಯಲ್ಲಿ, ಕುಪ್ಪಮ್ಮನಷ್ಟು ಬಾಯಿ ಇದ್ದವಳು ಇನ್ನೊಬ್ಬಳಿರಲಿಲ್ಲ. ಗಂಡ ಸತ್ತಾಗ ಮಗನಿಗೆ ಆರು ವರ್ಷ. ಮಗ್ಗದ ಗುಂಡಿಗೆ ತಾನೇ ಕಾಲಿಳಿಸಿ ಕೂತಳು, ಸೀರೆ ನೇಯ್ದಳು, ಮಗ ಕೃಷ್ಣಸಾಮಿಯನ್ನು ಸಾಕಿದಳು, ಬುದ್ಧಿ ಹೇಳಲು ಬಂದ ಮೈದುನಂದಿರನ್ನು ಬೈದು ಓಡಿಸಿದಳು. ಅಂಥ ಗಟ್ಟಿಗಿತ್ತಿ ಒಂದೇ ಒಂದು ವಿಷಯದಲ್ಲಿ ಕಣ್ಣಿದ್ದೂ ಕುರುಡಿಯಾದಳಲ್ಲ, ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೃಷ್ಣಸಾಮಿಯ ಪ್ರೀತಿ ಉಸಿರು ಕಟ್ಟಿಸುವಂಥದ್ದು. ಬೆಳಿಗ್ಗೆ ಹೆಂಡತಿ ಜಾನಮ್ಮನಿಗೆ ಮಲ್ಲಿಗೆ ತಂದು, "ನೀನಿಲ್ಲಾಂದ್ರೆ ನಾನಿಲ್ಲ" ಎನ್ನುವನು. ನೀರಿಗೆ ಹೋದವಳು ಪಕ್ಕದ ಮನೆಯಲ್ಲಿ ಎರಡು ಮಾತಾಡಿ ತಡವಾಗಿ ಬಂದಳೋ, ಊಟದ ತಟ್ಟೆ ಗೋಡೆಗೆ. ಸಂಜೆ ಅವಳ ಕಾಲು ಹಿಡಿದು ಗೋಳೋ ಎಂದು ಅಳು. ಗೆಳೆಯರ ವಿಷಯದಲ್ಲೂ ಹಾಗೆಯೇ: ಮೊದಲು ದೇವರು, ಆರು ತಿಂಗಳಿಗೆ ದ್ರೋಹಿ. ಹದಿನೈದನೇ ವಯಸ್ಸಿನಿಂದ ಇದೇ ಕಥೆ. "ಅಪ್ಪ ಇಲ್ದೆ ಬೆಳ್ದ ಕೂಸು, ರೋಷ ಜಾಸ್ತಿ" ಎಂದು ಕುಪ್ಪಮ್ಮ ಎಲ್ಲರ ಬಾಯಿ ಮುಚ್ಚಿಸುತ್ತಿದ್ದಳು.

ಆ ಬೀದಿಯವರೆಲ್ಲ ಚೌಡೇಶ್ವರಿಯ ಒಕ್ಕಲು. ಅಮ್ಮನನ್ನು ಗುಡಿಗೆ ಕರೆತರುವ ದಿನ ಗಂಡಸರು ಅಲಗು ಹಿಡಿದು ಎದೆಗೆ ಹೊಡೆದುಕೊಳ್ಳುತ್ತಾರೆ. ಆ ಗಾಯಕ್ಕೆ ಬಂಡಾರ, ಅಂದರೆ ಅಮ್ಮನ ಅರಿಸಿನ, ಹಚ್ಚುತ್ತಾರೆ. ಅಲಗು ಹಿಡಿದ ಮಗನ ತಾಯಿಗೆ ಬೀದಿಯಲ್ಲಿ ಒಂದು ತೂಕ. ಎಂಬತ್ನಾಲ್ಕನೇ ಇಸವಿಯಲ್ಲಿ ಕೃಷ್ಣಸಾಮಿ ಮೊದಲ ಸಲ ಅಲಗು ಹಿಡಿದ. ಅದಾಗಿ ಮೂರು ತಿಂಗಳಿಗೆ, ತಲೆಗೆ ಎಣ್ಣೆ ಹಚ್ಚುವಾಗ, ಅವನ ಎಡ ಮುಂಗೈ ಮೇಲೆ ಹಸಿ ಗಾಯದ ಗೆರೆಗಳು ಕುಪ್ಪಮ್ಮನ ಕಣ್ಣಿಗೆ ಬಿದ್ದವು.

"ಏನಿದು, ನನ್ ಕಣ್ಣು?"

ಅವನು ನೆಲ ನೋಡಿದ. "ಅಮ್ಮ ಕೇಳಿದ್ಳವ್ವ. ಕೊಟ್ಟೆ."

ಕುಪ್ಪಮ್ಮನ ಮೈ ಜುಮ್ಮೆಂದಿತು. ಓಡಿ ಹೋಗಿ ಬಂಡಾರ ತಂದಳು, ಗೆರೆಗಳ ಮೇಲೆ ಹಚ್ಚಿದಳು, ಹೆತ್ತ ಮಗನ ಕೈಗೇ ಕೈ ಮುಗಿದಳು. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಕೂಸುಗಳಿಗೆ ಜ್ವರ ಬಂದರೆ ಜನ ಅವನಿಂದ ವಿಭೂತಿ ಇಡಿಸಿಕೊಳ್ಳಲು ಬರತೊಡಗಿದರು. ಇವಳು ಬಾಗಿಲಲ್ಲಿ ನಿಂತು ಬೀಗುತ್ತಿದ್ದಳು. ಅಯ್ಯೋ ಹೆಂಗಸೇ!

ಎರಡು ವರ್ಷ ಹೀಗೆ ನಡೆಯಿತು. ಗೆರೆಗಳು ಹೆಚ್ಚಾದವು, ಬಂಡಾರವೂ ಹೆಚ್ಚಾಯಿತು. ಒಂದು ದಿನ ಜಾನಮ್ಮ ಧೈರ್ಯ ಮಾಡಿ ಕೇಳಿದಳು: "ಅತ್ತೆ, ನಾನು ತೌರಿಗೆ ಹೋಗ್ತೀನಿ ಅಂದ ದಿನಾನೇ ಅಮ್ಮ ಯಾಕೆ ಕೇಳ್ತಾಳೆ? ಬೇರೆ ದಿನ ಅವಳಿಗೆ ಹಸಿವಿಲ್ವಾ?"

ಕುಪ್ಪಮ್ಮ ಸೊಸೆಯ ಕೆನ್ನೆಗೆ ಬಾರಿಸಿದಳು. "ಅಮ್ಮನ್ನೇ ಕೇಳ್ತೀಯಾ, ನಾಲಿಗೆ ಬಿದ್ ಹೋಗಾ!"

ಮಾರನೆಯ ವಾರ ಜಾನಮ್ಮ ಸೋಮನೂರಿನ ತೌರಿಗೆ ಹೋದವಳು ತಿರುಗಿ ಬರಲಿಲ್ಲ. ಅವಳ ಅಣ್ಣ ಬಂದು ಪೆಟ್ಟಿಗೆ ತೆಗೆದುಕೊಂಡು ಹೋದ ಮಧ್ಯಾಹ್ನವೇ ಕೃಷ್ಣಸಾಮಿ ಒಳಕೋಣೆಯ ಅಗುಳಿ ಹಾಕಿಕೊಂಡ. ನೆರೆಯವರು ಬಾಗಿಲು ಒಡೆದರು. ಪೊಳ್ಳಾಚಿಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಆದರೆ ಎಡಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲವೆಂದು ಹೊಲಿಗೆ ಹಾಕಿದ ಡಾಕ್ಟರು ಹೇಳಿದರು. ನೇಕಾರನ ಬೆರಳು!

ಆಗಲಾದರೂ ತಿಳಿಯಿತೇ? ಇಲ್ಲ. ಮಗನನ್ನು ಕರೆದುಕೊಂಡು ನೆಟ್ಟಗೆ ಮಾಯಣ್ಣನ ಮನೆಗೆ ಹೋದಳು. ಬೀದಿಯ ಅಲಗಿನವರಿಗೆಲ್ಲ ಹಿರಿಯ ಆತ.

"ಅಣ್ಣಾ, ಅಮ್ಮ ಅತಿಯಾಗ್ ಕೇಳ್ತಾ ಅವ್ಳೆ. ಏನ್ ಪೂಜೆ ಮಾಡ್ಸ್ಲಿ?"

ಮಾಯಣ್ಣ ಆ ತೋಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಹುಡುಗನನ್ನು ಜಗಲಿಯಲ್ಲಿ ಕೂರಿಸಿ, ಅವಳನ್ನು ಒಳಗೆ ಕರೆದು, ತನ್ನ ಅಂಗಿಯ ಗುಂಡಿ ಬಿಚ್ಚಿದ. ಎದೆಯ ಮೇಲೆ ನಲವತ್ತು ವರ್ಷದ ಹಳೆಯ ಗುರುತುಗಳು.

"ನೋಡ್ ತಂಗಿ. ಇದು ಹಬ್ಬದಲ್ಲಿ, ಊರೆಲ್ಲಾ ನೋಡ್ತಿರ್ವಾಗ ಆದದ್ದು. ಅಲಗು ಕೊಡೋವ್ನೂ ನಾನೇ, ಮಿತಿ ಮೀರಿದ್ರೆ ಕಿತ್ಕೊಳ್ಳೋವ್ನೂ ನಾನೇ. ಬಾಗ್ಲು ಹಾಕ್ಕೊಂಡು ಒಬ್ನೇ ಅತ್ಕೊಂಡು ಕುಯ್ಕೋ ಅಂತ ಅಮ್ಮ ಯಾವತ್ತೂ ಕೇಳಿಲ್ಲ. ಪೂಜೆ ಬ್ಯಾಡ. ಕೋವೈಗೆ ಕರ್ಕೊಂಡ್ ಹೋಗು, ಅಲ್ಲಿ ಮನಸ್ಸಿನ ಡಾಕ್ಟರ್ ಅವ್ರೆ."

"ನನ್ ಮಗಂಗೆ ಹುಚ್ಚಾ, ಪೈತ್ಯವಾ ಅಣ್ಣಾ?"

"ಪೈತ್ಯ ಅಂದ್ನಾ ನಾನು? ನೋವು ಅಂದೆ. ಕಾಲ್ ಮುರಿದ್ರೆ ಗುಡಿಗೆ ಹೋಯ್ತೀಯಾ, ಕಟ್ಟು ಕಟ್ಟೋವ್ನ ಹತ್ರ ಹೋಯ್ತೀಯಾ?"

ಮನೆಗೆ ಬಂದು ಕುಪ್ಪಮ್ಮ ಮಗ್ಗದ ಮುಂದೆ ಕೂತಳು, ನೇಯಲಿಲ್ಲ. ಒಂದೊಂದೇ ನೆನಪಾಯಿತು. ಮೊದಲ ಗೆರೆ, ಗೆಳೆಯ ಶಣ್ಮುಗಂ ತಿರುಪ್ಪೂರಿನ ಬನಿಯನ್ ಕಾರ್ಖಾನೆಯ ಕೆಲಸಕ್ಕೆ ಹೊರಟ ವಾರ. ಇನ್ನೊಂದು, ಜಾನಮ್ಮ ತಂಗಿಯ ಮದುವೆಗೆ ಹೋದಾಗ. ಮತ್ತೊಂದು, ತಾನೇ ಪಳನಿಗೆ ಹೋಗಿ ಎರಡು ದಿನ ಇದ್ದು ಬಂದಾಗ. ಸಾವಿರ ಎಳೆಯಲ್ಲಿ ಒಂದು ತುಂಡಾದರೂ ಕಂಡುಹಿಡಿಯುವ ಕಣ್ಣು ಅವಳದು. ಇದು ಕಾಣಲಿಲ್ಲವೇ? ಕಂಡಿತ್ತು. ಅಮ್ಮನ ಹೆಸರು ಹೇಳಿದರೆ ಮರ್ಯಾದೆ, ಬೇರೆ ಹೆಸರು ಹೇಳಿದರೆ ಮಾನ ಹೋಗುತ್ತದೆ. ಅದಕ್ಕೇ ಕಾಣದ ಹಾಗಿದ್ದಳು. ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಗುರುವಾರ ಕೋವೈಗೆ, ಅಂದರೆ ಕೊಯಮತ್ತೂರಿಗೆ, ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅವನು ಅವಳ ಸೆರಗಿನ ತುದಿ ಹಿಡಿದುಕೊಂಡೇ ಇದ್ದ. ಇಪ್ಪತ್ತಾರು ವರ್ಷದ ಗಂಡಸು.

"ನನ್ನ ಅಲ್ಲೇ ಬಿಟ್ ಬರ್ತೀಯಾ ಅವ್ವ?"

"ಇಲ್ಲ ಕಣ್ಣು. ಬಾಗ್ಲಲ್ಲೇ ಇರ್ತೀನಿ."

ಡಾಕ್ಟರು ಅವನೊಂದಿಗೆ ಒಂದು ಗಂಟೆ ತಮಿಳಿನಲ್ಲಿ ಮಾತಾಡಿ, ಆಮೇಲೆ ಅವಳನ್ನು ಒಳಗೆ ಕರೆದರು. ಇದು ಹುಚ್ಚಲ್ಲ, ಹಟವೂ ಅಲ್ಲ; ಇವನ ಸ್ವಭಾವವೇ ಇವನನ್ನು ಹಿಂಸಿಸುತ್ತಿದೆ ಎಂದರು. ವಾರ ವಾರ ಬಂದು ಮಾತಾಡಬೇಕು, ವರ್ಷಗಳೇ ಹಿಡಿಯಬಹುದು, ಪೂರ್ತಿ ಸರಿಹೋಗುತ್ತದೆಂದು ಮಾತು ಕೊಡಲಾರೆ ಎಂದರು. ಆಮೇಲೆ ಹಳೆಯ ಗುರುತುಗಳನ್ನು ತೋರಿಸಿ ಕೇಳಿದರು: "ಮೊದಲ ಗಾಯಕ್ಕೇ ಯಾಕಮ್ಮ ಬರಲಿಲ್ಲ?"

ತಮಿಳಿನಲ್ಲಿ ಊರಿಗೇ ಜಗಳ ಕಾಯುವ ಕುಪ್ಪಮ್ಮನಿಗೆ ಆಗ ಬಾಯಿಗೆ ಬಂದದ್ದು ಮನೆಯ ಮಾತು.

"ಬಂಡಾರ ಹಚ್ಚಿ ಕೈ ಮುಗ್ದೆ, ಸಾಮಿ."

ಡಾಕ್ಟರಿಗೆ ಕನ್ನಡ ತಿಳಿಯದು. ಅವರು ಕೃಷ್ಣಸಾಮಿಯ ಮುಖ ನೋಡಿದರು. ಅವನು ತಾಯಿಯ ಮುಖ ನೋಡಿದ.

"ಅಮ್ಮ ಕೇಳ್ಲಿಲ್ಲ ಅಂತ ಅವತ್ತೇ ಹೇಳ್ಬೇಕು ಅಂತಿದ್ದೆ ಅವ್ವ" ಎಂದ. "ಅಷ್ಟ್ರಲ್ಲಿ ನೀನು ಕೈ ಮುಗ್ದ್ಬಿಟ್ಟೆ."