ಕವರಿನೊಳಗಿನ ದೇವರು

ಗೆಳೆಯರೇ, ಒಂದು ಫೋನು ಇನ್ನೊಂದಕ್ಕೆ ವೈರಿಲ್ಲದೆ ಚಾರ್ಜ್ ಕೊಡುವುದನ್ನು ನಾನು ಮೊದಲ ಬಾರಿಗೆ ನೋಡಿದ್ದು ಇವತ್ತು ಬೆಳಿಗ್ಗೆ, ಕಂಪ್ಲಿಯಿಂದ ಹೊಸಪೇಟೆಗೆ ಬರುವ ಬಸ್ಸಿನಲ್ಲಿ.

ಮುಂದಿನ ಸೀಟಿನ ರೈಸ್‌ಮಿಲ್ ಮಾಲೀಕರು ಹಿಂದಕ್ಕೆ ತಿರುಗಿ, "ನಿಮ್ ಫೋನ್ ಕೊಡ್ರಿ ಅಕ್ಕಾರ, ಮಜಾ ನೋಡ್ರಿ" ಎಂದರು. ತಮ್ಮ ಫೋನಿನ ಕವರ್ ತೆಗೆದು, ಚಾರ್ಜಿಗೆ ಅಡ್ಡವಾಗುತ್ತದೆಂದು ಅದರೊಳಗಿದ್ದ ದೇವರ ತಾಮ್ರದ ತಗಡನ್ನು ಜೇಬಿಗಿಳಿಸಿ, ಎರಡೂ ಫೋನುಗಳನ್ನು ಬೆನ್ನಿಗೆ ಬೆನ್ನು ಹಚ್ಚಿದರು. ನನ್ನದು ಚಾರ್ಜ್ ಆಗತೊಡಗಿತು. "ನಿಮ್ದೂ ಹಿಂಗ ಕೊಡತೈತ್ರಿ, ಇಲ್ಲಿ ಒತ್ತಬೇಕು ಅಷ್ಟ" ಎಂದು ಕಲಿಸಿಯೂ ಕೊಟ್ಟರು.

ನನ್ನ ಪಕ್ಕದ ಹುಡುಗಿ ಕಾರ್ಖಾನೆಯೊಂದರ ಸಂದರ್ಶನಕ್ಕೆ ಹೊರಟಿದ್ದಳು. ಗೇಟಿನಲ್ಲಿ ತೋರಿಸಬೇಕಾದ ಪತ್ರ ಅವಳ ಫೋನಿನಲ್ಲಿತ್ತು, ಚಾರ್ಜ್ ಎರಡೇ ಪರ್ಸೆಂಟ್. "ಅಂಕಲ್, ನಂದೂ ಇಂಥದ್ದ ಐತ್ರಿ, ಸ್ವಲ್ಪ ಹಚ್ರಿ" ಎಂದಳು.

ಮಾಲೀಕರು ಕೈಚಾಚಿದರು. "ಕೊಡವ್ವಾ. ಯಾರ ಪೈಕಿ ನೀನು?"

"ನಾವು ಬೌದ್ಧರ್ರಿ."

ಚಾಚಿದ ಕೈ ಹಿಂದೆ ಸರಿಯಿತು. ತಗಡು ಜೇಬಿನಿಂದ ಕವರಿಗೆ ಮರಳಿತು. "ಒಳಗ ದೇವ್ರು ಅದಾನವ್ವಾ, ಗಳಿಗಿಗೊಮ್ಮೆ ತಗಿಯಾಕ ಬರಂಗಿಲ್ಲ."

"ಈಗರ ಅಕ್ಕಾರಿಗೆ ತಗದ್ರೆಲ್ರಿ, ಆಗ ದೇವ್ರು ಸುಮ್ನಿದ್ನಾ?"

ಮಾಲೀಕರಿಗೆ ಕಿಟಕಿಯಾಚೆ ಏನೋ ಕಂಡಿತು.

ಅವರು ಕಲಿಸಿದಂತೆಯೇ ಒತ್ತಿ, ನನ್ನ ಫೋನನ್ನು ಅವಳ ಫೋನಿಗೆ ಹಚ್ಚಿದೆ. ಹೊಸಪೇಟೆಯಲ್ಲಿ ಹುಡುಗಿ ಒಂಬತ್ತು ಪರ್ಸೆಂಟಿನೊಂದಿಗೆ ಇಳಿದು ಓಡಿದಳು.

ಮಾಲೀಕರ ಮುಖಕ್ಕೆ ನಾನು ಒಂದು ಮಾತೂ ಹೇಳಲಿಲ್ಲ. ಯಾರ ಪೈಕಿ ಎಂದು ನನ್ನನ್ನು ಅವರು ಕೇಳಲೇ ಇಲ್ಲ ಎಂಬುದು ಕೂಡ ಮನೆಗೆ ಬಂದ ಮೇಲೆ ಹೊಳೆಯಿತು. ಆ ಒಂಬತ್ತರಲ್ಲಿ ಒಂದೆರಡು ಪರ್ಸೆಂಟಾದರೂ ಮಾಲೀಕರ ಫೋನಿನಿಂದ ನನ್ನದಕ್ಕೆ ಬಂದದ್ದೇ. ಮೈಲಿಗೆ ಎಂಬುದು ಇದ್ದರೆ ಆಗಿಹೋಗಿದೆ, ಇನ್ನು ಅವರು ತಮ್ಮ ಫೋನನ್ನು ತೊಳೆದುಕೊಳ್ಳಲಿ.