ನಮ್ಮ ಪಾಲಿಗೆ ಬಂದ ಮರಕುಟಿಗ

ಹೆಸರು ಬದಲಾದರೆ ಮನುಷ್ಯನಿಗೆ ತಾಲ್ಲೂಕು ಕಚೇರಿಯ ಅಲೆದಾಟವಾದರೂ ಇರುತ್ತದೆ; ಹಕ್ಕಿಗೆ ಅದೂ ಇಲ್ಲ. ಹೆಗ್ಗದ್ದೆಯ ನಮ್ಮ ತೋಟದ ಮರಕುಟಿಗ ತನಗರಿವಿಲ್ಲದೆಯೇ ಬೇರೆ ಪ್ರಭೇದವಾಗಿಬಿಟ್ಟ ಸಂಗತಿ ನನಗೆ ತಿಳಿದದ್ದು, ಅದರ ಮನೆ ಕೆಡವಲು ನಾನು ಆಳು ಗೊತ್ತುಮಾಡಿದ ದಿನ.

ಕಾಫಿ ಒಣಗಿಸುವ ಕಣದ ಮೇಲಕ್ಕೆ ಸತ್ತ ಹಲಸಿನ ಮರವೊಂದು ವಾಲಿಕೊಂಡಿತ್ತು. ಅದರ ಕೊಂಬೆಯೊಂದು ನನ್ನ ಹೆಂಡತಿ ಗಿರಿಜೆಯ ಹೆಗಲು ಸವರಿಕೊಂಡು ಬಿದ್ದಮೇಲೆ, ಕಡಿಸಲೇಬೇಕೆಂದು ಅವಳು ಹಟ ಹಿಡಿದಿದ್ದಳು. ಮರದ ಪೊಟರೆಯಲ್ಲಿ ಮರಕುಟಿಗಗಳು ಮರಿ ಮಾಡಿದ್ದವು. ಹಕ್ಕಿಗಳ ಅಧ್ಯಯನ ಮಾಡುವ ನನ್ನ ತಂಗಿಯ ಮಗಳು ಶ್ವೇತಾ ಅಂದೇ ಬಂದವಳು ಕತ್ತೆತ್ತಿ ನೋಡಿ, "ಮಾವ, ಇದು ಈಗ ಹೊಸ ಜಾತಿ" ಎಂದಳು.

"ಹಳೇದೇ ಕಣೇ, ದಿನಾ ನನ್ನ ನಿದ್ದೆ ಕೆಡಿಸ್ತೈತೆ" ಎಂದೆ.

ಅವಳು ವಿವರಿಸಿದಳು. ನಮ್ಮ ಘಟ್ಟದ ಈ ಹಕ್ಕಿಯನ್ನೂ ಸಮುದ್ರದಾಚೆಯ ಫಿಲಿಪೈನ್ಸ್ ದ್ವೀಪಗಳ ಅದರ ಬಂಧುಗಳನ್ನೂ ಬಹುಕಾಲ ಒಂದೇ ಪ್ರಭೇದವೆಂದು ಎಣಿಸಿದ್ದರು. ವಿಜ್ಞಾನಿಗಳು ಸಂಗ್ರಹಾಲಯಗಳಲ್ಲಿ ಕಾಪಿಟ್ಟ ಹಳೆಯ ಹಕ್ಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಕೊಕ್ಕು ಅಳೆದು, ಹೆಣ್ಣುಗಳ ನೆತ್ತಿಯ ಬಣ್ಣ ಹೋಲಿಸಿ ಒಂದನ್ನು ಹಲವಾಗಿ ಒಡೆದರು. ಜಾತಿ ಅಳಿಯಲಿ ಎಂದು ಭಾಷಣ ಬಿಗಿಯುತ್ತ ಬಂದ ನನಗೆ, ಜಾತಿ ಹೆಚ್ಚಿಸುವುದೇ ಕೆಲಸವಾದವರೂ ಇದ್ದಾರೆಂದು ಕೇಳಿ ನಗು ಬಂತು. ಎಲ್ಲರೂ ಈ ಪಾಲು-ಹಿಸ್ಸೆಯನ್ನು ಥಟ್ಟನೆ ಒಪ್ಪಲಿಲ್ಲವಂತೆ. ಒಪ್ಪಿದ್ದರೆ ಅದು ಹಿಸ್ಸೆಯೇ ಅಲ್ಲ.

ಗಿರಿಜೆ ನಗಲಿಲ್ಲ. "ಹಂಗಾದ್ರೆ ಇದು ಬ್ಯಾರೆ ಎಲ್ಲೂ ಇಲ್ವೇನೇ?"

"ಘಟ್ಟದ ಈ ಸಾಲಿನಲ್ಲೇ ಅತ್ತೆ, ಆಚೆಗಿಲ್ಲ."

"ಒಂದು ಹಕ್ಕೀನೂ ಕಮ್ಮಿ ಆಗಿಲ್ಲ, ಹೆಸರಷ್ಟೇ ಬದಲಾಗಿರೋದು" ಎಂದು ನಾನು ತರ್ಕ ಹೂಡಿದೆ. ಶ್ವೇತಾಳೂ ತಲೆಯಾಡಿಸಿದಳು.

"ಇರ್ಬೋದು ಕಣ್ರೀ. ನಿನ್ನೆಗಂಟ ದೇಶದೇಶದಲ್ಲೂ ಐತೆ ಅಂದ್ಕಂಡಿದ್ದೆ. ನಮ್ಮಲ್ಲೇ ಇರೋದು ಅಂದ್ಮೇಲೆ ಹೆಂಗೆ ಕಡಿಸೋದು?"

ಮರಕ್ಕೆ ಹೆದರಿದವಳೇ ಕಾಫಿಯನ್ನೆಲ್ಲ ಮನೆಯಂಗಳಕ್ಕೆ ಎಳೆಸಿ, ಕಣಕ್ಕೆ ಯಾರೂ ಕಾಲಿಡದಂತೆ ಹಗ್ಗ ಕಟ್ಟಿಸಿದಳು. ವರ್ಷಗಳಿಂದ ಕಣ್ಣೆದುರಿಗಿದ್ದದ್ದನ್ನು ಕತ್ತೆತ್ತಿ ನೋಡಲು ನಮಗೊಂದು ಹೊಸ ಹೆಸರು ಬೇಕಾಯಿತಲ್ಲ ಎಂದು ನಾನು ಸಂಕೋಚಪಟ್ಟೆ; ಸಂಜೆಗಳಲ್ಲಿ ಕುರ್ಚಿ ಹಾಕಿಕೊಂಡು ನೋಡಿದೆ ಕೂಡ.

ಮರಿಗಳು ಹಾರಿಹೋದ ಮೇಲೆ, ನಾನು ಗೊತ್ತುಮಾಡಿದ್ದ ಆಳು ಧರ್ಮಣ್ಣ ಬಂದು ಮರ ಉರುಳಿಸಿದ. ಮರುದಿನ ಅವನು ಸೌದೆ ಸೀಳಲು ಬಂದಾಗ ಬಿದ್ದ ಕಾಂಡದ ಮೇಲೆ ಆ ಸಂಸಾರವಿಡೀ ಕುಳಿತು ಹುಳ ಹೆಕ್ಕುತ್ತಿತ್ತು.

"ಇವತ್ತು ಬ್ಯಾಡ ಧರ್ಮಣ್ಣ, ಉಣ್ತಾ ಅವೆ" ಎಂದು ಗಿರಿಜೆ ಅವನಿಗೆ ಕಾಫಿ ಕೊಟ್ಟು ಕಳಿಸಿದಳು.