ಗೋಡೆಗೆ ನಿಲ್ಲಿಸಿದ ಹೊರಸು

ಅವರ ಕನ್ನಡಕಕ್ಕೆ ದಾರ ಕಟ್ಟಿತ್ತೋ, ಇಲ್ಲ ನಾನೇ ಆಮೇಲೆ ನೆನಪಿನಲ್ಲಿ ಕಟ್ಟಿದೆನೋ, ಹೇಳಲಾರೆ. ಸಿಂಧನೂರಿನ ದವಾಖಾನೆಯ ಆ ಕಂಪೌಂಡರ್ ನಿದ್ದೆ ಬಾರದ ಮುದುಕರಿಗೆ ಗುಳಿಗೆ ಕೊಡುತ್ತಿರಲಿಲ್ಲ. ಹಗಲಲ್ಲಿ ಮನೆಗೇ ಬಂದು, ಮಲಗಿದವರನ್ನು ಎಬ್ಬಿಸಿ, ಹೊರಸನ್ನು ಗೋಡೆಗೆ ನಿಲ್ಲಿಸಿಬಿಡುತ್ತಿದ್ದರು.

"ಹೊರಸು ನಿದ್ದಿಗಷ್ಟ ರೀ, ಚಿಂತಿಗಲ್ಲ. ಸಂಜಿಕ ನಡೀರಿ."

ನಮ್ಮಜ್ಜನ ಚಿಂತೆ ನೀರಿನದು. ನಮ್ಮ ಗದ್ದೆ ಕಾಲುವೆಯ ಕೊನೆಗಿತ್ತು. ಕತ್ತಲಾಗುತ್ತಲೇ ಮೇಲಿನವರು ಕದ್ದು ತೂಬು ತೆರೆದುಕೊಳ್ಳುತ್ತಿದ್ದರು, ನಮಗೆ ನೀರೇ ಬರುತ್ತಿರಲಿಲ್ಲ. ಅಜ್ಜ ಕಂಪೌಂಡರ್ ಮಾತು ಕೇಳಿ ಬಡಿಗೆ ಹಿಡಿದು ದಿನಾ ಸಂಜೆ ಕಾಲುವೆಯ ದಂಡೆಗುಂಟ ನಡೆಯತೊಡಗಿದ. ಹಿಂದೆ ಅದೇ ಔಷಧಿಯ ಇನ್ನಷ್ಟು ಮುದುಕರು, ಅವರ ಕೈಯಲ್ಲೂ ಬಡಿಗೆ. ಕೆಳಗಿನವರು ಕಾವಲು ಹಾಕಿದ್ದಾರೆಂದು ಮೇಲಿನವರು ಹೆದರಿ ತೂಬು ಮುಟ್ಟುವುದನ್ನೇ ಬಿಟ್ಟರು. ಗದ್ದೆಗೆ ನೀರು ಬಂತು. ಅಜ್ಜನಿಗೆ ನಿದ್ದೆಯೂ ಬಂತು.

"ನೋಡಿದ್ರಿಲ್ಲ ಅಜ್ಜಾರ, ನಡಿಗಿ!" ಕಂಪೌಂಡರ್ ಬೀಗಿದರು.

"ನೀರು ಬಂತಲ್ಲಪಾ, ಅದಕ."

"ಹಂಗಾದ್ರ ನಾಳಿಂದ ನಡಿಯೂದು ಬಿಟ್ಟು ನೋಡ್ರಿ."

ಅಜ್ಜ ಬಡಿಗೆ ತೆಗೆದುಕೊಂಡು ದಂಡೆಯ ಕಡೆ ಹೊರಟ. ಕಾಲಲ್ಲಿ ಶಕ್ತಿ ಇರುವವರೆಗೂ ಒಂದು ಸಂಜೆಯೂ ಬಿಡಲಿಲ್ಲ. ಹಾಗಾಗಿ ನಿದ್ದೆ ತಂದದ್ದು ನಡಿಗೆಯೋ ನೀರೋ, ನನಗೆ ಇಂದಿಗೂ ಗೊತ್ತಿಲ್ಲ. ಕಂಪೌಂಡರ್‌ಗೂ ಗೊತ್ತಿತ್ತೆಂದು ಅನಿಸುವುದಿಲ್ಲ.